ನಮ್ಮವರು ಕಿತ್ತ ಮೂರೆಳೆ ಕೂದಲು

ರಾತ್ರಿ ಮೂರು ಗಂಟೆಯ ಸುಮಾರಿಗೆ ಹಿತ್ತಲಲ್ಲಿ 'ಪಟ್' ಎಂದು ಒಂದು ಸಣ್ಣ ಸದ್ದಾಯಿತು. ಆಮೇಲೆ ಯಾರೋ ಬಿಸಿ ಚಹಾವನ್ನು ಸಾಸರಿಗೆ ಹುಯ್ದುಕೊಂಡು ಹೀರುವ ಹಾಗೆ 'ಸೊರ್...' ಎಂದಿತು. ಮತ್ತೆ 'ಪಟ್'. ಮತ್ತೆ 'ಸೊರ್...'

ನಾನು ಎದ್ದು ಕುಳಿತೆ. ನಮ್ಮ ಮನೆಯಲ್ಲಿ ಸದ್ದು ಕೇಳುವ ಕೆಲಸ ನನ್ನದು. ನಲ್ಲಿ ತೊಟ್ಟಿಕ್ಕುವುದು, ಬೆಕ್ಕು ಹೆಂಚಿನ ಮೇಲೆ ಹಾಯುವುದು, ಅಗುಳಿ ಗಾಳಿಗೆ ಅಲ್ಲಾಡುವುದು, ಎಲ್ಲವೂ ಮೊದಲು ನನ್ನ ಕಿವಿಗೆ ಬಂದು, ಅಗತ್ಯ ಬಿದ್ದರೆ ಮಾತ್ರ ನಮ್ಮವರಿಗೆ ರವಾನೆಯಾಗುತ್ತವೆ. ನಮ್ಮವರ ಹೆಸರು ಮುರುಗಪ್ಪ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ರವಾನೆಯಾದದ್ದನ್ನು ಮರುದಿನ ನೋಡುವುದು ಅವರ ಅಭ್ಯಾಸ.

ಆ ರಾತ್ರಿ ನಾನು ಹೆದರಲಿಲ್ಲ. ನನ್ನ ಜೀವಮಾನದಲ್ಲಿ ಹೆದರದೆ ಕೇಳಿದ ಮೊದಲ ಸದ್ದು ಅದು. ಹೆದರಲೇಬೇಕಾಗಿದ್ದ ಸದ್ದೂ ಅದೊಂದೇ. 'ಬುಡೇನ್ ಸಾಬ ಬಂದ. ಹೇಳಿದ ಹಾಗೆ ಕರಡಿಯನ್ನು ಸೀತಾಫಲದ ಗಿಡಕ್ಕೆ ಕಟ್ಟಿ ಚಹಾ ಕುಡಿಯುತ್ತಿದ್ದಾನೆ' ಎಂದುಕೊಂಡು ನೆಮ್ಮದಿಯಾಗಿ ಮಲಗಿಬಿಟ್ಟೆ.

ಬುಡೇನ್ ಸಾಬ ಎಂದರೆ ವರ್ಷಕ್ಕೊಮ್ಮೆ ಹಿರಿಯೂರಿನ ಕಡೆಯಿಂದ ಚಿತ್ರದುರ್ಗಕ್ಕೆ ಬರುವ ಕರಡಿ ಆಡಿಸುವವನು. ಅವನ ಕರಡಿಯ ಹೆಸರು ಮುನ್ನಿ. ಬೆಚ್ಚಿಬೀಳುವ ಮಕ್ಕಳಿಗೆ ಕರಡಿಯ ಕೂದಲನ್ನು ತಾಯತಕ್ಕೆ ತುಂಬಿ ಕಟ್ಟಿದರೆ ಹೆದರಿಕೆ ಬಿಟ್ಟುಹೋಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನಾನು ಬಿ.ಎ. ಓದಿದವಳು, ಆದ್ದರಿಂದ ನಂಬುವುದಿಲ್ಲ. ಆದರೆ ಮಗು ನೆಟ್ಟಗೆ ನಿದ್ದೆ ಮಾಡಿ ಒಂದೂವರೆ ತಿಂಗಳಾದಾಗ ಬಿ.ಎ. ಯಾವ ಸಹಾಯಕ್ಕೂ ಬರಲಿಲ್ಲ.

ಇದು ಎಪ್ಪತ್ತನಾಲ್ಕನೆಯ ಇಸವಿಯ ಮಾತು. ನಮ್ಮ ಮನೆ ಜೋಗಿಮಟ್ಟಿಯ ದಿಕ್ಕಿಗೆ, ಹೊಸ ಬಡಾವಣೆಯ ಕೊನೆಯ ಬೀದಿಯ ಕೊನೆಯ ಮನೆ. ನಮ್ಮ ಹಿತ್ತಲ ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಪುರಸಭೆ ಮುಗಿದು ಬಂಡೆಗಳೂ ಕರಡಿಗಳೂ ಶುರುವಾಗುತ್ತವೆ. ಕರಡಿಗಳ ಮೇಲೆ ನಮ್ಮ ಬೀದಿಯವರಿಗೆ ಅಂಥ ದೂರೇನೂ ಇರಲಿಲ್ಲ. ಸೀತಾಫಲ ಹಣ್ಣಾಗುವ ಕಾಲಕ್ಕೆ ಅವು ಬಂಡೆ ಇಳಿದು ಗೋಡೆಯಾಚೆಯವರೆಗೆ ಬರುತ್ತಿದ್ದವು, ಗೋಡೆ ದಾಟುತ್ತಿರಲಿಲ್ಲ. ನಾವೂ ಕತ್ತಲಾದ ಮೇಲೆ ಹಿತ್ತಲಿಗೆ ಹೋಗುವುದಾದರೆ ಡಬ್ಬ ಬಡಿದು, ಕೆಮ್ಮಿ, ಗಟ್ಟಿಯಾಗಿ ಮಾತಾಡಿಕೊಂಡು ಹೋಗುತ್ತಿದ್ದೆವು. ಪಕ್ಕದ ಮನೆಯ ಚಂದ್ರಕ್ಕ ದೇವರನಾಮ ಹೇಳಿಕೊಂಡು ಹೋಗುತ್ತಿದ್ದಳು. ಅವಳು ಎಷ್ಟು ಚರಣ ಹೇಳಿದಳು ಎನ್ನುವುದರ ಮೇಲೆ ಅವಳ ಹೊಟ್ಟೆಯ ಸ್ಥಿತಿಗತಿ ಇಡೀ ಬೀದಿಗೆ ತಿಳಿಯುತ್ತಿತ್ತು.

ಅದೇ ಚಂದ್ರಕ್ಕ ಒಂದು ದಿನ ನಮ್ಮ ನಾಲ್ಕು ವರ್ಷದ ಮಗಳಿಗೆ ಅನ್ನ ತಿನ್ನಿಸುತ್ತ, "ಉಣ್ಣಲಿಲ್ಲಾಂದ್ರೆ ಕರಡಿ ಬಂದು ಎತ್ಕಂಡು ಹೋಗ್ತೈತೆ" ಎಂದಳು. ಮಗಳ ಹೆಸರು ರುದ್ರಾಣಿ. ಧೈರ್ಯವಂತೆ ಆಗಲಿ ಎಂದು ಇಟ್ಟ ಹೆಸರು, ಹುಡುಗಿ ಹಲ್ಲಿಗೂ ಹೆದರುತ್ತಾಳೆ. ಅಂದು ಅನ್ನವನ್ನೇನೋ ಪೂರ್ತಿ ಉಂಡಳು. ಆದರೆ ಅವತ್ತಿನಿಂದ ಪ್ರತಿ ರಾತ್ರಿ "ಕರಡಿ ಬಂತು" ಎಂದು ಚೀರಿ ಏಳುವುದು, ಬೆಳಗಿನವರೆಗೆ ನನ್ನ ಕುತ್ತಿಗೆಗೆ ಜೋತುಬೀಳುವುದು. ಮಗು ಸೊರಗಿ ಕಡ್ಡಿಯಾಯಿತು. ಡಾಕ್ಟರು ಟಾನಿಕ್ ಕೊಟ್ಟರು. ಟಾನಿಕ್ ಕುಡಿದು ಇನ್ನಷ್ಟು ಜೋರಾಗಿ ಚೀರತೊಡಗಿತು.

ಸುದ್ದಿ ಹೊಸದುರ್ಗ ತಾಲ್ಲೂಕಿನ ಬಾಗೂರಿಗೆ ಮುಟ್ಟಿ, ಅಲ್ಲಿಂದ ನಮ್ಮ ಅತ್ತೆ ಅನ್ನಪೂರ್ಣಮ್ಮ ಬಂದಿಳಿದರು.

"ಏನೇ ಸರ್ವಿ, ಮಗೀನ ಕರಡಿ ಬಾಯಾಗಿಟ್ಟು ಸಾಕ್ತಿದೀರೇನೇ?" ಎಂದರು ಹೊಸ್ತಿಲಲ್ಲೇ. ನನ್ನ ಹೆಸರು ಸರ್ವಮಂಗಳ. ಅಷ್ಟು ಉದ್ದ ಹೇಳುವಷ್ಟು ವ್ಯವಧಾನ ಅತ್ತೆಗೆ ಇಲ್ಲ. "ದೀಪಾವಳಿ ಅಮಾಸೆ ಒಳಗೆ ಮಗು ನಿದ್ದೆ ಮಾಡ್ತೋ, ಸೈ. ಇಲ್ಲಾಂದ್ರೆ ನಾನು ಬಾಗೂರಿಗೆ ಕರ್ಕಂಡು ಹೋಗ್ತೀನಿ. ಅಲ್ಲೇ ಬೆಳೀಲಿ, ಅಲ್ಲೇ ಇಸ್ಕೂಲಿಗೆ ಸೇರ್ಲಿ."

ಅತ್ತೆ ಬೆದರಿಕೆ ಹಾಕುವವರಲ್ಲ, ಮುಂದೆ ಆಗುವುದನ್ನು ತಿಳಿಸುವವರು. ಮಗುವಿನ ಬಟ್ಟೆಗೆಂದು ಖಾಲಿ ಕೈಚೀಲವನ್ನೂ ತಂದಿದ್ದರು. ಅದನ್ನು ನಡುಮನೆಯ ಗೂಟಕ್ಕೆ ತೂಗುಹಾಕಿದರು. ನಾನು ಅಡಿಗೆಮನೆಗೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಆ ಚೀಲವನ್ನು ನೋಡುತ್ತಿದ್ದೆ. ನಾಲ್ಕು ವರ್ಷದ ಹುಡುಗಿಯ ಬಟ್ಟೆ ಎಷ್ಟಿದ್ದಾವು? ಐದು ನಿಮಿಷದಲ್ಲಿ ತುಂಬಿಬಿಡಬಹುದು.

ನಮ್ಮವರು ತಾಯಿಯ ಮಾತಿಗೆ ಎದುರಾಡಿದವರಲ್ಲ. "ಅವ್ವ ಹೇಳೋದ್ರಾಗೂ ಒಂದರ್ಥ ಐತೆ" ಎಂದರು. ಅದಕ್ಕೆ ನಾನು ಹೇಳಿದ್ದರಲ್ಲಿ ಎರಡರ್ಥ ಇರಲಿಲ್ಲ. ರಾತ್ರಿಯಿಡೀ ಚರ್ಚೆಯಾಗಿ, ಬೆಳಿಗ್ಗೆ ಅತ್ತೆಯೇ ದಾರಿ ತೋರಿಸಿದರು. "ಕರಡಿ ಕೂದ್ಲಿನ ತಾಯತ ಕಟ್ಟಿ ನೋಡಾಣ. ಆದ್ರೆ ಕೊಂಡು ತಂದ ಕೂದ್ಲು ನಡೆಯಲ್ಲ. ಹೆತ್ತ ತಂದೆ ತನ್ನ ಕೈಯಾರೆ ಕೀಳ್ಬೇಕು. ಹೊತ್ತು ಹುಟ್ಟೋಕೆ ಮುಂಚೆ, ಮುಖ ತೊಳೀದಂಗೆ. 'ಜಾಂಬವಂತಪ್ಪಾ, ಅಪ್ಪಣೆ ಕೊಡು' ಅಂತ ಕೇಳಿ, ಮೂರೆಳೆ. ಜಾಸ್ತಿ ಇಲ್ಲ, ಕಡಿಮೆ ಇಲ್ಲ."

ನಮ್ಮವರ ಮುಖ ನೋಡಬೇಕಿತ್ತು. ಹಾಲಿನವನ ಎಮ್ಮೆ ಎದುರಿಗೆ ಬಂದರೆ ಬೀದಿ ಬದಲಾಯಿಸುವ ಮನುಷ್ಯ ಅವರು. ನಾಯಿಗಳನ್ನು ಬಹುವಚನದಲ್ಲಿ ಮಾತಾಡಿಸುತ್ತಾರೆ. ಆದರೂ ಮಗಳ ಪ್ರಶ್ನೆ. ಸಂತೆ ಮೈದಾನಕ್ಕೆ ಹೋಗಿ ಬುಡೇನ್ ಸಾಬನನ್ನು ಕಂಡು, ಮುನ್ನಿಯನ್ನು ಮೂವತ್ತು ಅಡಿ ದೂರದಿಂದ ಪರೀಕ್ಷಿಸಿ ಬಂದರು.

"ಏನೂ ಹೆದರಿಕೆ ಇಲ್ವಂತೆ ಕಣೇ. ಹಲ್ಲು ಇಲ್ಲ, ಉಗುರು ಇಲ್ಲ, ಸಿಟ್ಟಂತೂ ಇಲ್ವೇ ಇಲ್ಲ. ನಾಳೆ ನಸುಕಿಗೆ ಮುಂಚೆ ಹಿತ್ಲಾಗೆ ಬಂದು ಸೀತಾಫಲದ ಗಿಡಕ್ಕೆ ಕಟ್ಟಿರ್ತಾನಂತೆ. ಅವನು ಬೀಡಿ ಸೇದೋಕೆ ಆಚೆ ಈಚೆ ಹೋಗಿದ್ರೂ ನಾವು ನಮ್ಮ ಕೆಲ್ಸ ಮಾಡ್ಕಬೋದಂತೆ. ಮುನ್ನಿ ಅಂತ ಕರೆದ್ರೆ ಸಾಕಂತೆ."

ಸಂಜೆ ತಾಲೀಮು ನಡೆಯಿತು. ಅತ್ತೆ ಒರಳುಕಲ್ಲಿನ ಮೇಲೆ ಕರಿ ಕಂಬಳಿ ಹೊದಿಸಿದರು. ನಮ್ಮವರು ಅದಕ್ಕೆ ಕೈಮುಗಿದು, ಕಣ್ಣು ಮುಚ್ಚಿ, "ಜಾಂಬವಂತಪ್ಪಾ" ಎಂದು ಕಂಬಳಿ ಎಳೆದರು. ಮೂರೆಳೆಯ ಬದಲು ಇಡೀ ಕಂಬಳಿ ಕೈಗೆ ಬಂತು.

"ಹಂಗೆ ಎಳೆದ್ರೆ ಸಿಪ್ಪೆ ಸುಲಿದಂಗಾಗ್ತೈತೆ!" ಎಂದು ಅತ್ತೆ ಗದರಿದರು. "ಪಟಕ್ಕನೆ ಕೀಳ್ಬೇಕು. ಇನ್ನೊಂದು ಸರ್ತಿ."

ಹನ್ನೊಂದನೆಯ ಸರ್ತಿಗೆ ಸರಿಹೋಯಿತು. ಕಂಬಳಿಯ ಒಂದು ಮೂಲೆ ಬೋಳಾಯಿತು.

ಇಷ್ಟೆಲ್ಲ ಆಗಿದ್ದರಿಂದ, ರಾತ್ರಿ ಆ ಸದ್ದು ಕೇಳಿದಾಗ ನಾನು ನೆಮ್ಮದಿಯಾಗಿ ಮಲಗಿದ್ದು. ಐದೂವರೆಗೆ ಎದ್ದು ಕಿಟಕಿಯಿಂದ ನೋಡಿದೆ. ಮಬ್ಬುಗತ್ತಲಲ್ಲಿ ಗಿಡದ ಕೆಳಗೆ ಕರ್ರಗೆ ಕೂತಿತ್ತು. ನಮ್ಮವರನ್ನು ನಾನೇ ಎಬ್ಬಿಸಿದೆ. ನಾನೇ ಹಿತ್ತಲ ಬಾಗಿಲು ತೆಗೆದೆ. ಹಿಂದೆ ಸರಿಯುತ್ತಿದ್ದವರ ಬೆನ್ನಿಗೆ ಕೈಯಿಟ್ಟು, "ಹೋಗ್ರಿ, ಏನೂ ಮಾಡಲ್ಲ" ಎಂದು ತಳ್ಳಿದವಳೂ ನಾನೇ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತಿದ್ದೇನೆ.

ನಮ್ಮವರು ಪಂಚೆ ಬನಿಯನ್ನಿನಲ್ಲಿ, ಕೈಯಲ್ಲಿ ಅತ್ತೆ ಕೊಟ್ಟ ಎರಡು ಬಾಳೆಹಣ್ಣು ಹಿಡಿದು ಹೆಜ್ಜೆ ಹೆಜ್ಜೆಗೂ ನಿಂತು ಹೋದರು. ಕರಡಿ ತಲೆ ತಗ್ಗಿಸಿ ಸೀತಾಫಲ ಹೀರುವುದರಲ್ಲಿ ಮುಳುಗಿತ್ತು.

"ಮುನ್ನೀ," ಎಂದರು ನಮ್ಮವರು, ಸಾಹೇಬರ ಕೋಣೆಗೆ ಕಡತ ಒಯ್ಯುವಾಗಿನ ದನಿಯಲ್ಲಿ. "ಏನಮ್ಮ, ಚೆನ್ನಾಗಿದೀಯಾ?"

ಕರಡಿ ತಲೆಯೆತ್ತಲಿಲ್ಲ.

"ಬುಡೇನ್ ಸಾಬರು ಇಲ್ವಾ? ಇರ್ಲಿ, ಇರ್ಲಿ. ಜಾಂಬವಂತಪ್ಪಾ, ಅಪ್ಪಣೆ ಕೊಡಪ್ಪ."

'ಪಟಕ್' ಎಂದು ಕಿತ್ತೇಬಿಟ್ಟರು. ಕರಡಿ 'ಹುಫ್' ಎಂದಿತು. ತಿರುಗಿ ನಮ್ಮವರನ್ನು ನೋಡಿತು. ಅದರ ಕಣ್ಣಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅಚ್ಚರಿಯಿತ್ತು ಎಂದು ನನ್ನ ಊಹೆ. ಅದರ ವಂಶದಲ್ಲೇ ಯಾರಿಗೂ ಹೀಗೆ ಆಗಿರಲಾರದು. ನಮ್ಮವರು ಬಾಳೆಹಣ್ಣು ಚಾಚಿದರು. ಅದು ಮೂಸಿ, ಒಂದನ್ನು ತೆಗೆದುಕೊಂಡು, ಅವರನ್ನು ಇನ್ನೊಮ್ಮೆ ನೋಡಿ, ಹಿತ್ತಲ ಮೂಲೆಗೆ ಹೋಗಿ ಕೂತಿತು. ಕಟ್ಟಿದ ಹಗ್ಗ ಉದ್ದವಿರಬೇಕು ಎಂದುಕೊಂಡೆ.

ಒಳಗೆ ಬಂದವರು ಬೇರೆಯೇ ಮನುಷ್ಯ.

"ಹಿಡಿ ಅವ್ವ!" ಎಂದು ಮುಷ್ಟಿ ಬಿಚ್ಚಿದರು. ಮೂರೆಳೆಯಲ್ಲ, ಮೂವತ್ತು ಎಳೆಯಿತ್ತು. "ಸುಮ್ನೆ ಹೆದರ್ತಾರೆ ಜನ. ಎಮ್ಮೆಗಿಂತ ಸಾಧು. ಎಮ್ಮೆಗೆ ಕೋಡಾದ್ರೂ ಐತೆ."

ಅತ್ತೆ ಅದರಲ್ಲಿ ಮೂರೆಳೆ ಆರಿಸಿ, ಕಣ್ಣಿಗೊತ್ತಿಕೊಂಡು ದೇವರ ಕೋಣೆಗೆ ಹೋದರು. ನಮ್ಮವರು ಉಳಿದ ಬಾಳೆಹಣ್ಣು ಹಿಡಿದು ಮತ್ತೆ ಹಿತ್ತಲ ಬಾಗಿಲಿಗೆ ಹೋಗಿ ನಿಂತರು. ಅಷ್ಟರಲ್ಲಿ ಮುಂದಿನ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು. ತೆಗೆದೆ.

ಬುಡೇನ್ ಸಾಬ ನಿಂತಿದ್ದ. ಅವನ ಪಕ್ಕದಲ್ಲಿ, ಮೂಗಿಗೆ ಹಗ್ಗ, ಕಾಲಿಗೆ ಗೆಜ್ಜೆ ಕಟ್ಟಿಸಿಕೊಂಡು, ಮುನ್ನಿ ನಿಂತಿದ್ದಳು.

"ಮಾಫ್ ಮಾಡ್ರಮ್ಮ, ಲೇಟಾಯ್ತು," ಎಂದ. "ದಾರ್ಯಾಗೆ ಮುನ್ನಿ ಕಾಲಿಗೆ ಮುಳ್ಳು ಚುಚ್ತು. ಸಾಹೇಬ್ರು ಎದ್ದವ್ರಾ?"

ನಾನು ಹಿತ್ತಲ ಕಡೆಗೆ ಬೆರಳು ತೋರಿಸಿದೆ. ಬುಡೇನ್ ಸಾಬ ಮನೆಯ ಪಕ್ಕದ ಸಂದಿಯಲ್ಲಿ ಇಣುಕಿ ನೋಡಿ, ಸುಣ್ಣದಂತೆ ಬಿಳಿಚಿಕೊಂಡು ವಾಪಸು ಬಂದ.

"ಯಾ ಅಲ್ಲಾ! ಅಮ್ಮಾ, ಅದು ಜಂಗ್ಲಿದು. ಗಂಡು. ಸಾಹೇಬ್ರು ಎಲ್ಲಿ?"

ಸಾಹೇಬರು ಎಲ್ಲಿ ಎಂದು ಹೇಳಬೇಕಾಗಿಯೇ ಇರಲಿಲ್ಲ. ಕರಡಿ ಗೋಡೆ ಹತ್ತಿ ಚಂದ್ರಕ್ಕನ ಹಿತ್ತಲಿಗೆ ಧುಮುಕಿತ್ತು. ದೇವರನಾಮದ ಎರಡನೆಯ ಚರಣದಲ್ಲಿದ್ದ ಚಂದ್ರಕ್ಕ ರಾಗ ಬಿಟ್ಟು ಬಾಯಿ ಬಡಿದುಕೊಂಡಳು. "ಅಯ್ಯಯ್ಯೋ, ಕರಡೀ! ಬರ್ರಪ್ಪೋ, ಕರಡೀ!"

ಅದರ ಮೇಲೆ ನಮ್ಮವರ ದನಿ ಕೇಳಿಸಿತು. "ಹೆದರ್ಬ್ಯಾಡ್ರಿ ಚಂದ್ರಕ್ಕಾ! ಸಾಕಿದ್ದು ಅದು! ಮುನ್ನಿ ಅಂತ! ನಾನು ಬಂದೆ, ನಾನು ಬಂದೆ!"

ನಾನು "ರೀ" ಎಂದು ಕೂಗಲು ಬಾಯಿ ತೆರೆದೆ. ಬುಡೇನ್ ಸಾಬ ಅಡ್ಡ ನಿಂತ.

"ಚುಪ್ ಅಮ್ಮಾ. ಕೂಗ್ಬ್ಯಾಡ್ರಿ. ಜಂಗ್ಲಿದು ಅಂತ ಗೊತ್ತಾದ್ರೆ ಸಾಹೇಬ್ರು ಓಡ್ತಾರೆ. ಓಡಿದ್ರೆ ಅದು ಬಿಡಲ್ಲ. ಈಗ ಹೆದರಿಕೆ ಇಲ್ದಂಗೆ ಅವ್ರೆ ನೋಡ್ರಿ, ಅದೇ ಅವ್ರ ಜೀವ ಕಾಯ್ತಾ ಐತೆ. ಮುನ್ನೀನೂ ಅವ್ರ ಕಣ್ಣಿಗೆ ಬೀಳ್ಬಾರ್ದು. ಎಲ್ಲಾದ್ರೂ ಬಚ್ಚಿಡ್ರಿ."

ಹೀಗಾಗಿ ನಾನು, ಗಾಬರಿಯ ಸ್ವಭಾವದವಳು, ಬೆಳಗಿನ ಆರು ಗಂಟೆಗೆ ಒಂದು ಕರಡಿಯ ಹಗ್ಗ ಹಿಡಿದು ಸಂದಿಯಲ್ಲಿ ನಡೆಸಿಕೊಂಡು ಹೋಗಿ ನಮ್ಮ ಬಚ್ಚಲುಮನೆಯಲ್ಲಿ ಬಿಟ್ಟು ಬಾಗಿಲು ಮುಚ್ಚಿದೆ. ಹಂಡೆಯ ಒಲೆ ಉರಿಯುತ್ತಿತ್ತು. ಬೆಚ್ಚಗಿದ್ದುದರಿಂದ ಮುನ್ನಿ ಆಕ್ಷೇಪಿಸಲಿಲ್ಲ. ಅತ್ತೆ ದೇವರ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿರುವರೆಂದು ದೇವರಿಗೆ ಕೈಮುಗಿದೆ.

ನಾವಿಬ್ಬರೂ ಬೀದಿಗೆ ಬರುವಷ್ಟರಲ್ಲಿ ಕರಡಿ ಚಂದ್ರಕ್ಕನ ಮುಂಬಾಗಿಲ ಪಕ್ಕದಿಂದ ಹೊರಬಿದ್ದು ನಡುಬೀದಿಯಲ್ಲಿ ನಿಂತಿತ್ತು. ಜನ ಜಗಲಿಗಳ ಮೇಲೆ, ಕಿಟಕಿಗಳಲ್ಲಿ, ಒಬ್ಬಿಬ್ಬರು ವಿದ್ಯುತ್ ಕಂಬದ ಮೇಲೆ. ಬೀದಿಯಲ್ಲಿ ಕಾಲೂರಿ ನಿಂತಿದ್ದವರು ಇಬ್ಬರೇ, ಕರಡಿ ಮತ್ತು ನಮ್ಮವರು. ನಡುವೆ ಎಂಟು ಅಡಿ. ನಮ್ಮವರು ಎಡಗೈ ಸೊಂಟದ ಮೇಲಿಟ್ಟು, ಬಲಗೈಯ ಬಾಳೆಹಣ್ಣನ್ನು ಬೆತ್ತದಂತೆ ಆಡಿಸುತ್ತಿದ್ದರು.

"ಮುನ್ನೀ, ಏನಿದು? ಹೆಣ್ಣುಮಕ್ಕಳಿರೋ ಮನೆಗೆ ಹಿಂಗೆ ನುಗ್ಗೋದಾ? ನಿಮ್ಮ ಸಾಬರು ನಿಂಗೆ ಇದನ್ನೇ ಕಲ್ಸಿದ್ದಾ? ನಾಚ್ಕೆ ಆಗ್ಬೇಕು!"

ಕರಡಿ ತಲೆ ವಾಲಿಸಿ ಕೇಳಿಸಿಕೊಳ್ಳುತ್ತಿತ್ತು.

"ಮುರುಗಣ್ಣ, ಹುಷಾರು ಕಣಣ್ಣೋ!" ಎಂದ ಕಂಬದ ಮೇಲಿನ ಯತ್ತಪ್ಪ.

"ಇಳಿಯಯ್ಯ ಕೆಳಗೆ, ಕರೆಂಟ್ ಹೊಡೆದೀತು," ಎಂದರು ನಮ್ಮವರು. "ಕರಡಿ ಏನೂ ಮಾಡಲ್ಲ. ಹಲ್ಲೇ ಇಲ್ಲ ಇದಕ್ಕೆ."

ಕರಡಿ ಆಕಳಿಸಿತು. ಬೀದಿಯವರೆಲ್ಲರಿಗೂ ಹಲ್ಲು ಕಾಣಿಸಿದವು. ನಮ್ಮವರು ಆ ಹೊತ್ತಿಗೆ ಯತ್ತಪ್ಪನ ಕಡೆ ತಿರುಗಿದ್ದರು. ದೇವರು ದೊಡ್ಡವನು.

ಆಗ ಸರ್ಕಾರ ಬಂತು. ಮೇಲಿನ ಬೀದಿಯಲ್ಲಿರುವ ಫಾರೆಸ್ಟ್ ಗಾರ್ಡ್ ಕಾಟಪ್ಪ ಒಂದು ಡಬ್ಬ, ಒಂದು ಕೋಲು ಹಿಡಿದು ಬಂದ. ಎದುರು ಮನೆಯ ಚಿತ್ರಲಿಂಗಪ್ಪ ಪುರಸಭೆಯಲ್ಲಿ ಮೇಸ್ತ್ರಿ. ಅವರು ಜಗಲಿಯ ಮೇಲಿಂದಲೇ ಅಧಿಕಾರ ವಹಿಸಿಕೊಂಡರು.

"ಏನ್ ನೋಡ್ತೀಯ ಕಾಟಪ್ಪ, ಹಿಡಿಯೋ! ನಿಮ್ಮ ಇಲಾಖೆದು ಅದು!"

ಕಾಟಪ್ಪ ಕರಡಿಯನ್ನು ನೋಡಿದ. ಅವನಿಗೆ ಒಂದೇ ನೋಟಕ್ಕೆ ಎಲ್ಲ ತಿಳಿಯಿತೆಂದು ಅವನು ಎರಡು ಹೆಜ್ಜೆ ಹಿಂದಿಟ್ಟಿದ್ದರಿಂದ ನನಗೆ ತಿಳಿಯಿತು. ಆದರೆ ಅವನು ಹೇಳಿದ್ದು ಬೇರೆ. "ಮುರುಗಪ್ಪನೋರು ಸಾಕಿದ್ದು ಅಂತಿದಾರಲ್ಲ ಸಾರ್. ಸಾಕಿದ್ದು ನಮ್ಮ ಇಲಾಖೆಗೆ ಬರಲ್ಲ. ಊರೊಳಗಿನ ಸಾಕುಪ್ರಾಣಿ ನಿಮ್ಮ ಪುರಸಭೆದು."

"ಸಾಕಿದ್ದು ಅನ್ನೋಕೆ ಅದರ ಕುತ್ತಿಗೆಯಾಗೆ ಬಿಲ್ಲೆ ಐತೇನಯ್ಯ? ಕಾಡುದ್ದು ಅದು!"

"ಸಾಕಿದ್ದು ಸಾರ್."

"ಕಾಡುದ್ದು ಕಣಯ್ಯ! ನೋಡು ಉಗುರು!"

ನಮ್ಮವರು ಗಹಗಹಿಸಿ ನಕ್ಕರು. "ಏನ್ ಸ್ವಾಮಿ ಚಿತ್ರಲಿಂಗಪ್ಪನೋರೆ, ಕಾಡುದ್ದಂತೆ! ಇವತ್ತು ಬೆಳಿಗ್ಗೆ ಇದರ ಕೂದ್ಲು ನಾನೇ ಕಿತ್ತಿದೀನಿ, ಈ ಕೈಯಾಗೆ! ಕಾಡುದ್ದಾಗಿದ್ರೆ ನಾನು ನಿಮ್ಮ ಜೊತೆ ಮಾತಾಡ್ತಿದ್ನಾ?"

"ಕೂದ್ಲು ಕಿತ್ತಾರಂತೆ" ಎಂದು ಒಬ್ಬರಿಂದೊಬ್ಬರಿಗೆ ಪಿಸುಮಾತು ಹೋಯಿತು. ಅಷ್ಟರಲ್ಲಿ ನಮ್ಮವರು ಕರಡಿಯ ಕಡೆ ತಿರುಗಿದರು. ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತು. ನಮ್ಮವರಿಗಿಂತ ಒಂದು ಗೇಣು ಎತ್ತರವಿತ್ತು. ನಮ್ಮವರ ನಗೆ ಅರ್ಧದಲ್ಲಿ ನಿಂತಿತು. ಹಗ್ಗವಿಲ್ಲದ ಮೂಗಿನ ಕಡೆ ನೋಡಿದರು. ಉಗುರಿನ ಕಡೆ ನೋಡಿದರು. ಅವರ ಪಂಚೆಯ ಅಂಚು ಗಾಳಿಯಿಲ್ಲದೆ ಅಲ್ಲಾಡತೊಡಗಿತು. ಇನ್ನೊಂದು ಕ್ಷಣಕ್ಕೆ ತಿರುಗಿ ಓಡುತ್ತಾರೆ.

"ಬೆನ್ನು ತೋರಿಸ್ಬಾರ್ದು," ಎಂದು ಬುಡೇನ್ ಸಾಬ ನನ್ನ ಹಿಂದೆ ಪಿಸುಗುಟ್ಟಿದ. "ಹಿಂದಕ್ಕೆ, ಮೆಲ್ಲಗೆ."

ಅಂದು ನನ್ನ ಬಾಯಿಂದ ಬಂದ ಮಾತು ಯಾವ ಕಾಲೇಜಿನಲ್ಲಿ ಕಲಿತದ್ದೋ ನನಗೆ ಗೊತ್ತಿಲ್ಲ.

"ರೀ," ಎಂದೆ, ಒಲೆ ಮೇಲೆ ಹಾಲಿದೆ ಎನ್ನುವಷ್ಟು ಸಾಧಾರಣವಾಗಿ. "ತಾಯತದ ಶಾಸ್ತ್ರ ಇನ್ನೂ ಮುಗಿದಿಲ್ಲವಂತೆ. ಕೂದಲು ಕಿತ್ತವರು ಕರಡಿಗೆ ಬೆನ್ನು ತೋರಿಸಬಾರದಂತೆ. ತೋರಿಸಿದರೆ ಫಲ ಹೋಗುತ್ತದಂತೆ. ಬಾಳೆಹಣ್ಣು ಅಲ್ಲೇ ಇಟ್ಟು, ಅದನ್ನೇ ನೋಡುತ್ತ, ಇಪ್ಪತ್ತೊಂದು ಹೆಜ್ಜೆ ಹಿಂದಕ್ಕೆ ಬರಬೇಕಂತೆ. ಮೆಲ್ಲಗೆ. ಒಂದೊಂದೇ ಎಣಿಸಿಕೊಂಡು."

ಮಗಳ ತಾಯತ ಎಂದ ಮೇಲೆ ನಮ್ಮವರಿಗೆ ಓಡುವುದು ಮರೆತುಹೋಯಿತು. ಬಾಳೆಹಣ್ಣು ನೆಲಕ್ಕಿಟ್ಟರು. "ಒಂದು," ಎಂದರು. "ಎರಡು." ಬೀದಿಯವರೂ ಮೆಲ್ಲಗೆ ಎಣಿಸತೊಡಗಿದರು. ಕಂಬದ ಮೇಲಿಂದ ಯತ್ತಪ್ಪ, ಜಗಲಿಯ ಮೇಲಿಂದ ಚಿತ್ರಲಿಂಗಪ್ಪ, ಕಿಟಕಿಯೊಳಗಿಂದ ಚಂದ್ರಕ್ಕ. ಹತ್ತಕ್ಕೆ ಕರಡಿ ನಾಲ್ಕು ಕಾಲಿಗಿಳಿಯಿತು. ಹದಿನಾಲ್ಕಕ್ಕೆ ಬಾಳೆಹಣ್ಣು ತಿಂದಿತು. ಹದಿನೇಳಕ್ಕೆ ನಮ್ಮವರು ಚರಂಡಿಗೆ ಕಾಲಿಟ್ಟರು, ಆದರೂ ಬೆನ್ನು ತೋರಿಸಲಿಲ್ಲ. ಇಪ್ಪತ್ತೊಂದಕ್ಕೆ ಕರಡಿ, ಈ ಊರಿನ ಸಹವಾಸವೇ ಬೇಡವೆಂಬಂತೆ ಒಮ್ಮೆ ಮೈ ಕೊಡವಿ, ಚಂದ್ರಕ್ಕನ ಮನೆ ಪಕ್ಕದ ಸಂದಿಯಲ್ಲಿ ಹಾಯ್ದು, ಗೋಡೆ ದಾಟಿ, ಬಂಡೆಗಳ ನಡುವೆ ಮರೆಯಾಯಿತು.

ಆ ಕರಡಿಗೆ ನಾನು ಇಂದಿಗೂ ಋಣಿ. ಹೊಟ್ಟೆಪಾಡಿಗೆ ಬಂದಿತ್ತು. ಅಪ್ಪಣೆ ಕೊಡುವ ಮುಂಚೆ ಕೂದಲು ಕಿತ್ತರೂ, ಕರೆದು ಬೈದರೂ, ಹೆಣ್ಣಿನ ಹೆಸರಿಟ್ಟು ಕೂಗಿದರೂ ಸಹಿಸಿಕೊಂಡಿತು. ನಮ್ಮವರ ಮೇಲಧಿಕಾರಿಗಳಲ್ಲಿ ಅಷ್ಟು ತಾಳ್ಮೆ ಕಂಡಿಲ್ಲ.

ಅದಕ್ಕಿಂತ ಹೆಚ್ಚು ಋಣಿ ಬುಡೇನ್ ಸಾಬನಿಗೆ. ನಮ್ಮವರು ಚರಂಡಿಯಿಂದ ಕಾಲು ತೆಗೆದ ಕೂಡಲೆ ಅವನನ್ನು ಹಿಡಿದುಕೊಂಡರು. "ಏನ್ರಿ ಸಾಬರೆ, ಹಗ್ಗ ಹಾಕ್ದಂಗೆ ಬಿಟ್ಟು ಹೋಗೋದಾ? ನಾನು ಇದ್ದೆ, ಸರಿಹೋಯ್ತು. ಬೇರೆ ಯಾರಾದ್ರೂ ಆಗಿದ್ರೆ?"

ಬುಡೇನ್ ಸಾಬ ತನ್ನದಲ್ಲದ ಕರಡಿಯ ತಪ್ಪಿಗೆ ಎರಡೂ ಕೈ ಮುಗಿದ. "ತಪ್ಪಾಯ್ತು ಸಾಹೇಬ್ರೆ. ನೀವಿದ್ರಿ ಅಂತ ಉಳೀತು. ಅದೇ ಬರ್ತೈತೆ, ನಾ ಕರ್ಕಂಡು ಹೋಗ್ತೀನಿ."

ಕಾಟಪ್ಪ ಡಬ್ಬವನ್ನು ಕಂಕುಳಿಗಿಟ್ಟು, "ನೋಡಿದ್ರಾ ಸಾರ್, ಸಾಕಿದ್ದು," ಎಂದು ಚಿತ್ರಲಿಂಗಪ್ಪನವರಿಗೆ ಹೇಳಿ ಹೋದ. ಹೋಗುವಾಗ ನನ್ನ ಕಡೆ ನೋಡಿ ಟೋಪಿ ತೆಗೆದು ಹಣೆ ಒರೆಸಿಕೊಂಡ. ನಮ್ಮವರು ಜಗಲಿಯಲ್ಲಿ ಹದಿನೈದು ಜನರ ನಡುವೆ ಕೂತು ಕೂದಲು ಕೀಳುವ ವಿಧಾನ ವಿವರಿಸುತ್ತಿದ್ದಾಗ, ನಾನು ಸಂದಿಯಿಂದ ಮುನ್ನಿಯನ್ನು ಹೊರಗೆ ಕಳಿಸಿದೆ. ಬಚ್ಚಲಿನ ಗೂಡಿನಲ್ಲಿದ್ದ ಕೊಬ್ಬರಿ ಎಣ್ಣೆಯ ಬಾಟಲು ಖಾಲಿಯಾಗಿತ್ತು. ಬುಡೇನ್ ಸಾಬನಿಗೆ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಕೊಟ್ಟೆ. ದುಡ್ಡು ಕೊಡಹೋದರೆ ಅವನು ಮುಟ್ಟಲಿಲ್ಲ.

ಆ ರಾತ್ರಿ ರುದ್ರಾಣಿಯ ತೋಳಿಗೆ ತಾಯತ ಬಿತ್ತು. ನಾನು ಎಚ್ಚರವಾಗಿ ಕೂತಿದ್ದೆ. ಒಂದು ಗಂಟೆಯ ಹೊತ್ತಿಗೆ ಮಗು ಕಣ್ಣು ಬಿಟ್ಟಿತು. ಚೀರುತ್ತದೆಂದು ಎತ್ತಿಕೊಳ್ಳಲು ಬಾಗಿದೆ. "ಕರಡಿ ಬಂದ್ರೆ ಅಪ್ಪ ಬೈತಾರೆ," ಎಂದು ಹೇಳಿ, ಮಗ್ಗುಲು ಬದಲಾಯಿಸಿ, ಬೆಳಗಿನವರೆಗೆ ಮಲಗಿತು. ಮರುದಿನವೂ ಮಲಗಿತು. ಅದರ ಮರುದಿನವೂ. ನಾನು ಮಾತ್ರ ಮಲಗಲಿಲ್ಲ. ಅದು ಕಾಡಿನ ಕರಡಿ ಎಂದು ಅತ್ತೆಗೆ ತಿಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಹೊತ್ತು ಹುಟ್ಟುವ ಮುಂಚೆ ನಿಜವಾದ ಕರಡಿ ಬಂದು ಕೂರುವ ಹಿತ್ತಲಲ್ಲಿ ಅವರು ಮೊಮ್ಮಗಳನ್ನು ಒಂದು ಗಳಿಗೆ ಬಿಡುವುದಿಲ್ಲ. ಯಾವ ತಾಯತವೂ ಅವರನ್ನು ತಡೆಯಲಾರದು.

ಅಮಾವಾಸ್ಯೆಗೆ ಎರಡು ದಿನ ಮುಂಚೆ ಅತ್ತೆ, "ನಾನು ಹೊರಟೆ" ಎಂದರು. 'ನಾವು' ಎನ್ನಲಿಲ್ಲ. ಎಲ್ಲರೂ ಬಸ್ ಸ್ಟ್ಯಾಂಡಿಗೆ ಹೋದೆವು. ಅತ್ತೆ ಹೊಸದುರ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರು. ನಮ್ಮವರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಿತ್ತಳೆ ಹಣ್ಣು ತರಲು ಹೋದರು.

"ಸರ್ವಿ," ಎಂದರು ಅತ್ತೆ.

"ಏನತ್ತೆ?"

"ಬೆನ್ನು ತೋರಿಸ್ಬಾರ್ದು ಅಂತ ಒಂದು ಶಾಸ್ತ್ರ ಹೇಳ್ದೆಲ್ಲ, ಅದ್ಯಾವ ಊರ ಶಾಸ್ತ್ರನೇ? ನಾಕು ತಲೆಮಾರಿಂದ ನಮ್ಮನೇಲಿ ತಾಯತ ಕಟ್ತಾರೆ. ನಾ ಕೇಳಿಲ್ಲ."

ನಾನು ಬಸ್ಸಿನ ಚಕ್ರ ನೋಡುತ್ತ ನಿಂತೆ.

"ಆವತ್ತು ಬಿಸಿನೀರು ತಗಳ್ಳಾಣ ಅಂತ ಬಚ್ಚಲಿಗೆ ಹೋಗಿದ್ದೆ," ಎಂದರು ಅತ್ತೆ, ದನಿ ತಗ್ಗಿಸಿ. "ಹಂಡೆ ಪಕ್ಕ ಒಂದು ಕರಡಿ ಕುಂತು ಎಣ್ಣೆ ಕುಡೀತಿತ್ತು. ಮೂಗಿಗೆ ಹಗ್ಗ, ಕಾಲಿಗೆ ಗೆಜ್ಜೆ. ಕಿಟಕಿಯಾಗೆ ನೋಡ್ತೀನಿ, ಬೀದ್ಯಾಗೆ ನನ್ನ ಮಗನ ಮುಂದೆ ಇನ್ನೊಂದು. ನಾನು ಓದಿಲ್ಲ ಸರ್ವಿ. ಆದ್ರೆ ಎರಡರ ತನಕ ಎಣಿಸೋಕೆ ಬರ್ತೈತೆ."

"ಮತ್ತೆ ನೀವು ಕೂಗಲಿಲ್ಲವಲ್ಲ ಅತ್ತೆ?"

"ಕೂಗಿದ್ರೆ ಅವನು ಓಡ್ತಿದ್ದ. ಇರೋನು ಒಬ್ಬ ಮಗ. ಬಚ್ಚಲ ಬಾಗ್ಲು ಹಾಕಿ, ಮಗೀನ ಎತ್ಕಂಡು ಬಂದು ಕಿಟಕಿಗೆ ನಿಲ್ಲಿಸ್ದೆ. 'ನೋಡೇ, ನಿಮ್ಮಪ್ಪ ಕರಡಿಗೆ ಹೆಂಗೆ ಬೈತಾನೆ' ಅಂತ ತೋರಿಸ್ದೆ. ನಾನು ದೇವ್ರ ಹೆಸ್ರು ಹೇಳ್ತಿದ್ದೆ, ಅದು ಕೈ ತಟ್ಟಿ ನಗ್ತಿತ್ತು."

"ಅತ್ತೆ, ಹಾಗಾದರೆ ಮಗುವನ್ನು..." ಎಂದೆ.

"ಮಗು ನಿದ್ದೆ ಮಾಡ್ಲಿ ಅಂದಿದ್ದೆ. ಮಾಡ್ತೈತೆ. ಹಿತ್ಲ ಗೋಡೆ ಎರಡು ಮೊಳ ಎತ್ತರ ಮಾಡಿಸ್ರಿ," ಎಂದರು. ನಾನು ಕಿಟಕಿಯ ಸರಳಿನ ಮೇಲಿದ್ದ ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ನಮ್ಮವರು ಹಣ್ಣಿನ ಪೊಟ್ಟಣ ಕಿಟಕಿಯೊಳಗೆ ಕೊಟ್ಟು, ಸುತ್ತಲಿನವರಿಗೂ ಕೇಳಿಸುವಂತೆ, "ಅವ್ವಾ, ಬಾಗೂರಾಗೆ ಯಾರ ಮಕ್ಳಿಗಾದ್ರೂ ಕೂದ್ಲು ಬೇಕಾದ್ರೆ ಹೇಳಿ ಕಳ್ಸು. ಕಿತ್ಕೊಡ್ತೀನಿ. ನಂಗೇನು ಕಷ್ಟ ಇಲ್ಲ," ಎಂದರು.

ಅತ್ತೆ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಆಗ್ಲಪ್ಪ," ಎಂದರು.

ಬಸ್ಸು ಗುಟುರು ಹಾಕಿತು. ಅತ್ತೆಯ ಪಕ್ಕದ ಸೀಟಿನಲ್ಲಿ ಅವರದೇ ಊರಿನ ಬರಗೇರಮ್ಮ ಎಲೆಅಡಿಕೆ ಚೀಲ ಬಿಚ್ಚಿ ಕೂತಿದ್ದಳು. ಬಾಗೂರಿಗೆ ಬೇಕಾದ ಸುದ್ದಿಯೆಲ್ಲ ಅತ್ತೆಯಿಂದ ಅವಳಿಗೆ, ಅವಳಿಂದ ಊರಿಗೆ ಹೋಗುವುದು ಇಪ್ಪತ್ತು ವರ್ಷದ ಪದ್ಧತಿ. ಅತ್ತೆ ಒಂದು ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೆರೆ ಏರಿ ದಾಟಿದ್ದನ್ನು ಯಾರೂ ಕಂಡಿಲ್ಲ.

"ಏನು ಅನ್ನಪೂರ್ಣಕ್ಕ," ಎಂದಳು ಬರಗೇರಮ್ಮ, ಎಲೆಗೆ ಸುಣ್ಣ ಸವರುತ್ತ. "ತಿಂಗ್ಳು ಇದ್ದು ಬಂದೆ. ದುರ್ಗದಾಗೆ ಏನು ವಿಶೇಷ?"

ಅತ್ತೆ ನನ್ನನ್ನು ಒಮ್ಮೆ ನೋಡಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಏನೂ ಇಲ್ಲ ಕಣೇ," ಎಂದರು. "ಆ ಊರಾಗೆ ಏನೂ ನಡೆಯಲ್ಲ."